ಲಾರಿಯೆಂಬ ಧರ್ಮಛತ್ರ

ನಮ್ಮ ಬೆಳಗಾವಿಯ ಕಡೆ ಯಾರದಾದರೂ ಕೆಲಸ ಹೋಯಿತೆಂಬ ಸುದ್ದಿ ಹಬ್ಬಿದೊಡನೆ, ಸಮಾಧಾನ ಹೇಳಲು ಮನೆಗೆ ಬರುವ ನೆಂಟರಿಷ್ಟರಲ್ಲಿ ಒಬ್ಬರಾದರೂ ಆಡದೆ ಬಿಡದ ಮಾತೊಂದುಂಟು: “ಅಷ್ಟ್ಯಾಕ ಚಿಂತಿ ಮಾಡ್ತಿಯೋ ತಮ್ಮಾ? ಹೆವಿ ಲೈಸೆನ್ಸ್ ಮಾಡಿಸ್ಕೊ, ಗಾಡಿ ಹತ್ತಿಬಿಡು. ಡ್ರೈವರ್ ಸಿಗವಲ್ರು ಅಂತ ಮಾಲಕರು ಬಾಯಿ ಬಡಕೊಳ್ಳಾಕತ್ತಾರ.” ಉದ್ಯಮಬಾಗದ ಫೌಂಡ್ರಿಯಲ್ಲಿ ಪಾಳಿ ತಪ್ಪಿದವನಿಗೂ ಇದೇ ಉಪದೇಶ, ವಡಗಾವಿ, ಶಹಾಪುರಗಳಲ್ಲಿ ನೂಲಿನ ಬೆಲೆಗೂ ಸೀರೆಯ ಬೆಲೆಗೂ ತಾಳೆ ಬೀಳದೆ ಮಗ್ಗ ನಿಲ್ಲಿಸಿದ ನೇಕಾರನಿಗೂ ಇದೇ, ಆರ್‌ಸಿಸಿ ಚಾವಣಿ ಹಳ್ಳಿಹಳ್ಳಿಗೂ ಹರಡಿದ ಮೇಲೆ ಬೇಡಿಕೆ ಕುಸಿದ ಖಾನಾಪುರದ ಹಂಚಿನ ಕೆಲಸಗಾರನಿಗೂ ಇದೇ, ಪದವಿಪತ್ರವನ್ನು ಕಂಕುಳಲ್ಲಿಟ್ಟುಕೊಂಡು ವರ್ಷಗಟ್ಟಲೆ ಅಲೆದು ಬಂದ ತರುಣನಿಗೂ ಇದೇ. ರೋಗ ಯಾವುದಾದರೂ ಆಗಲಿ, ಔಷಧ ಮಾತ್ರ ಒಂದೇ.

ಈ ಮಾತನ್ನು ಆಡುವವರು ದುರುದ್ದೇಶದಿಂದ ಆಡುತ್ತಾರೆಂದು ನಾನು ಹೇಳುವುದಿಲ್ಲ. ಅವರಲ್ಲಿ ಬಹುಮಂದಿ ಸಜ್ಜನರು, ಚಹಾ ಕುಡಿದು ಎದ್ದು ಹೋಗುವಾಗ ಮಗುವಿನ ಕೈಯಲ್ಲಿ ಐವತ್ತರ ನೋಟನ್ನು ಇಟ್ಟು ಹೋಗುವಷ್ಟು ಅಂತಃಕರಣವುಳ್ಳವರು. ಆದರೆ ಸದ್ಭಾವದಿಂದ ಹುಟ್ಟಿ, ಎಂದೂ ಪರೀಕ್ಷೆಗೆ ಒಳಗಾಗದೆ, ಬಾಯಿಂದ ಬಾಯಿಗೆ ಸಂಚರಿಸುತ್ತ ಕಡೆಗೆ ಸಿದ್ಧಾಂತದ ಪದವಿಗೇರಿದ ಈ ಅಭಿಪ್ರಾಯವು ಲಾರಿಯ ಕ್ಯಾಬಿನ್ನನ್ನು ದುಷ್ಕಾಲದ ಧರ್ಮಛತ್ರವೆಂದು ಭಾವಿಸಿಕೊಂಡಿದೆ: ಅಲ್ಲಿ ಬಂದವನ ಯೋಗ್ಯತೆಯನ್ನು ಕೇಳುವವರಿಲ್ಲ, ಅನ್ನಕ್ಕೆ ಕೊರತೆಯಿಲ್ಲ, ಊರೆಲ್ಲ ಮುಳುಗಿದರೂ ಅದೊಂದು ಮುಳುಗುವುದಿಲ್ಲ. ಇವುಗಳಲ್ಲಿ ಒಂದೂ ನಿಜವಲ್ಲವೆಂಬುದು ನನ್ನ ಪಕ್ಷ. ಹಾಗೆಂದು ಚಾಲಕವೃತ್ತಿಯನ್ನು ಹೀಗಳೆಯಲು ನಾನು ಹೊರಟಿರುವೆನೆಂದು ಯಾರೂ ತಿಳಿಯಬಾರದು; ಯಾರು ಬೇಕಾದರೂ ಯಾವಾಗ ಬೇಕಾದರೂ ಹೋಗಿ ಸೇರಬಹುದಾದ ಕಸುಬೆಂದು ಅದನ್ನು ಬಣ್ಣಿಸುವವರೇ ಅದನ್ನು ಹೀಗಳೆಯುತ್ತಿರುವವರು.

ಮೊದಲು ಆ ಮುಳುಗದಿರುವ ಮಾತನ್ನೇ ವಿಚಾರಿಸೋಣ. ಲಾರಿಯು ತಾನಾಗಿ ಏನನ್ನೂ ಉತ್ಪಾದಿಸತಕ್ಕದ್ದಲ್ಲ. ಅನ್ಯರು ಎರಕ ಹೊಯ್ದದ್ದನ್ನು, ನೇಯ್ದದ್ದನ್ನು, ಬೆಳೆದದ್ದನ್ನು ಅದು ಹೊರುತ್ತದೆ. ಹೊರಿಸುವವರ ಕೈ ಕಟ್ಟಿಹೋದಾಗ ಹೊರುವವನಿಗೆ ಬಾಡಿಗೆ ಎಲ್ಲಿಂದ ಬರಬೇಕು? ಇದು ತರ್ಕದ ಮಾತಷ್ಟೇ ಅಲ್ಲ, ನಮ್ಮ ಊರಿನ ಇತ್ತೀಚಿನ ಅನುಭವವೂ ಹೌದು. 2018ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಸರಕು ವಾಹನಗಳು ಹೊರಬಹುದಾದ ತೂಕದ ಮಿತಿಯನ್ನು ಏರಿಸಿತು. ನಮ್ಮವರು ಆರು ಗಾಲಿಯ ಗಾಡಿ ಎನ್ನುವ ಲಾರಿಯ ಒಟ್ಟು ತೂಕ 16.2 ಟನ್ನಿನಿಂದ 18.5 ಟನ್ನಿಗೂ, ಹತ್ತು ಗಾಲಿಯದು 25ರಿಂದ 28.5 ಟನ್ನಿಗೂ ಹೋಯಿತು. ಓವರ್‌ಲೋಡಿನ ದಂಡ ತಪ್ಪಿತೆಂದು ಅನೇಕರು ಸಂತೋಷಪಟ್ಟರು. ಆದರೆ ದೇಶದಲ್ಲಿ ಸಾಗಿಸಬೇಕಾದ ಸರಕು ಮೊದಲಿನಷ್ಟೇ ಇರಲು, ಪ್ರತಿಯೊಂದು ಲಾರಿಯೂ ಮೊದಲಿಗಿಂತ ಹೆಚ್ಚು ಹೊರಬಲ್ಲುದಾದರೆ, ಬೇಕಾಗುವ ಲಾರಿಗಳ ಸಂಖ್ಯೆ ಕಡಿಮೆಯಾಗಲೇಬೇಕಷ್ಟೆ. ಅದರ ಹಿಂದೆಯೇ ಸಾಲ ಹುಟ್ಟುವುದು ಕಷ್ಟವಾಗಿ, ಪೇಟೆಯ ವ್ಯಾಪಾರವೂ ತಣ್ಣಗಾಗಿ, 2019ರಲ್ಲಿ ಹೊಸ ಲಾರಿಗಳ ಮಾರಾಟ ಕುಸಿದುಬಿತ್ತು. ಲಾರಿಯ ಮಾರಾಟ ಕುಸಿದರೆ ಅದಕ್ಕೆ ಬೇಕಾದ ಎರಕದ ಬಿಡಿಭಾಗಗಳ ಆರ್ಡರು ಕುಸಿಯುತ್ತದೆ. ಆರ್ಡರು ಕುಸಿದರೆ ಉದ್ಯಮಬಾಗ, ಮಚ್ಛೆಗಳ ಫೌಂಡ್ರಿ ಮತ್ತು ಮಷೀನ್ ಶಾಪುಗಳಲ್ಲಿ ಮೊದಲು ಓವರ್‌ಟೈಮು ಹೋಗುತ್ತದೆ, ಅನಂತರ ಮೂರನೆಯ ಪಾಳಿ, ಅದಾದ ಮೇಲೆ ಗುತ್ತಿಗೆಯ ಆಳುಗಳು. ವಾಚಕರು ಇಲ್ಲಿಯ ವಿನೋದವನ್ನು ಗಮನಿಸಬೇಕು. ಓಡುವ ಲಾರಿಗಳು ಅಗತ್ಯಕ್ಕಿಂತ ಹೆಚ್ಚಾದವೆಂಬ ಕಾರಣದಿಂದ ಕೆಲಸ ಕಳೆದುಕೊಂಡ ಮೋಲ್ಡರನಿಗೆ ನಾವು ಹೇಳಿದ ಪರಿಹಾರ, ಹೋಗಿ ಲಾರಿ ಓಡಿಸು ಎಂಬುದಾಗಿತ್ತು! ಯಾವ ಕೆರೆಯಲ್ಲಿ ನೀರು ಬತ್ತಿತೆಂದು ಅವನು ಎದ್ದುಬಂದನೋ ಅದೇ ಕೆರೆಗೆ ಬಿಂದಿಗೆ ಹಿಡಿಸಿ ಕಳುಹಿಸಿದೆವು.

ಇದಕ್ಕಿಂತಲೂ ಘೋರವಾದ ನಿದರ್ಶನವು ತುಂಗಭದ್ರೆಯ ದಂಡೆಯಲ್ಲಿದೆ. ನಮ್ಮ ರಾಜ್ಯದಲ್ಲಿ ಒಂದು ಸೀಮೆಗೆ ಸೀಮೆಯೇ ಕಸುಬು ಬದಲಿಸಿ ಲಾರಿ ಹತ್ತಿದ ಚರಿತ್ರೆ ಅದು. ಈ ಶತಮಾನದ ಮೊದಲ ದಶಕದಲ್ಲಿ ಚೀನಾ ದೇಶದ ಉಕ್ಕಿನ ಹಸಿವೆಯಿಂದ ಕಬ್ಬಿಣದ ಅದಿರಿಗೆ ಬಂಗಾರದ ಬೆಲೆ ಬಂದಾಗ, ಬಳ್ಳಾರಿ, ಹೊಸಪೇಟೆ, ಸಂಡೂರುಗಳ ಸುತ್ತಿನ ಒಕ್ಕಲಿನವರಲ್ಲಿ ಎಷ್ಟೋ ಜನ ಮಳೆಯನ್ನು ನಂಬಿದ ಬೇಸಾಯಕ್ಕಿಂತ ಇದೇ ಮೇಲೆಂದು ಹೊಲವನ್ನು ಒತ್ತೆಯಿಟ್ಟೋ ಮಾರಿಯೋ ಟಿಪ್ಪರು ಕೊಂಡರು. ಮಕ್ಕಳು ಶಾಲೆ ಬಿಟ್ಟು ಕ್ಲೀನರುಗಳಾದರು. ಅದಿರು ಹೇರಿದ ಗಾಡಿಗಳ ಸಾಲು ಯಲ್ಲಾಪುರದ ಘಟ್ಟವಿಳಿದು ಬೇಲೆಕೇರಿ ಬಂದರಿನವರೆಗೆ ಹಗಲಿರುಳೂ ಹರಿಯಿತು. ಆಗ ಲಾರಿಯನ್ನು ಸಂಶಯಿಸಿದವನನ್ನು ಜನ ಹುಚ್ಚನೆಂದಿದ್ದಾರು. 2011ರ ಜುಲೈ ತಿಂಗಳ ಕಡೆಯಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿಯೂ ಬಂತು, ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ ಸುಪ್ರೀಂ ಕೋರ್ಟಿನ ಆಜ್ಞೆಯೂ ಬಂತು. ಆಗಸ್ಟಿನಲ್ಲಿ ಅದು ಚಿತ್ರದುರ್ಗ, ತುಮಕೂರುಗಳಿಗೂ ವ್ಯಾಪಿಸಿತು. ಅಕ್ರಮ ಗಣಿಗಾರಿಕೆ ನಿಂತದ್ದು ನ್ಯಾಯವೇ. ಆ ವಿಷಯದಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ. ಆದರೆ ಕಂತು ನಿಲ್ಲಲಿಲ್ಲ. ಗಣಿಯ ಧಣಿಗಳಿಗೆ ವಕೀಲರಿದ್ದರು; ಗಾಡಿ ಕೊಂಡವನಿಗೆ ಇದ್ದವರು ಫೈನಾನ್ಸಿನ ವಸೂಲಿಗಾರರು. ಗಾಡಿಯನ್ನು ಜಪ್ತಿ ಮಾಡಿಕೊಂಡು ಹೋದರು. ಹೊಲ ಮೊದಲೇ ಹೋಗಿತ್ತು. ಮರುವರ್ಷ, 2012ರಲ್ಲಿ, ಗೋವಾದ ಗಣಿಗಳೂ ನಿಂತುಹೋಗಿ, ಮತ್ತೆ ಆರಂಭವಾಗಿ, 2018ರ ಮಾರ್ಚಿನಲ್ಲಿ ಇನ್ನೊಮ್ಮೆ ನಿಂತಾಗ, ಘಟ್ಟದ ಕೆಳಗೂ ಸಾಲುಸಾಲಾಗಿ ಲಾರಿಗಳು ತುಕ್ಕು ಹಿಡಿದವು. ಒಂದೇ ಸರಕನ್ನು, ಒಂದೇ ಗಿರಾಕಿಯನ್ನು, ಒಂದೇ ನ್ಯಾಯಾಲಯದ ಒಂದು ಪುಟದ ಆಜ್ಞೆಯನ್ನು ಅವಲಂಬಿಸಿದ ವೃತ್ತಿಯನ್ನು ಯಾವ ಅರ್ಥದಲ್ಲಿ ಭದ್ರವೆನ್ನಬೇಕೋ ನಾನರಿಯೆ.

ಇನ್ನು ಯೋಗ್ಯತೆಯ ಮಾತು. “ಕಾರು ಹೊಡಿಯಾಕ ಬರ್ತೈತಲ್ಲ, ಲಾರಿ ಅದರಕ್ಕಿಂತ ದೊಡ್ಡದು ಅಷ್ಟ” ಎಂಬ ವಾದವನ್ನು ವಿದ್ಯಾವಂತರ ಬಾಯಿಂದಲೂ ಕೇಳಿದ್ದೇನೆ. ಕಾನೂನೇ ಇದನ್ನು ಒಪ್ಪುವುದಿಲ್ಲ: 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಸಾರಿಗೆ ವಾಹನ ಓಡಿಸುವವನಿಗೆ 20 ವರ್ಷ ತುಂಬಿರಬೇಕು, ಮಾತ್ರವಲ್ಲದೆ ಲಘು ವಾಹನದ ಲೈಸೆನ್ಸು ಕೈಗೆ ಬಂದು ಒಂದು ವರ್ಷವಾದ ಹೊರತು ಅದರ ಕಲಿಕೆಯ ಲೈಸೆನ್ಸೂ ದೊರೆಯಲಾರದು. ಅಂದರೆ ಸೈಕಲ್ಲಿನ ಮೇಲೆ ಫೌಂಡ್ರಿಗೆ ಹೋಗಿ ಬರುತ್ತಿದ್ದವನು ಇಂದು ಕೆಲಸ ಕಳೆದುಕೊಂಡರೆ ಕನಿಷ್ಠ ಮುಂದಿನ ವರ್ಷದ ಇದೇ ತಿಂಗಳವರೆಗಾದರೂ ಆ ಬಾಗಿಲಿನ ಹೊರಗೇ ನಿಂತಿರಬೇಕು. ಆ ಒಂದು ವರ್ಷ ಮನೆಯವರು ಏನನ್ನು ತಿನ್ನಬೇಕೆಂಬುದನ್ನು ಉಪದೇಶಕರು ಹೇಳುವುದಿಲ್ಲ.

ಕಾನೂನು ಹೇಗಾದರೂ ಇರಲಿ, ರಸ್ತೆಯನ್ನೇ ಕೇಳೋಣ. ಸಂಜೆಯ ಹೊತ್ತಿಗೆ ಬೆಳಗಾವಿಯ ತರಕಾರಿ ಮಾರುಕಟ್ಟೆಗೆ ಹೋಗಿ ನೋಡಿದವರಿಗೆ ಗೊತ್ತು, ಗೋವಾದ ಅಡಿಗೆಮನೆಯ ಬಹುಭಾಗ ಅಲ್ಲಿಂದ ಹೊರಡುತ್ತದೆ. ಹಮಾಲರು ಕೋಸಿನ ಚೀಲಗಳನ್ನು ಕೆಳಗೂ ಟೊಮೆಟೊ ಕ್ರೇಟುಗಳನ್ನು ಮೇಲೂ ಒಟ್ಟುತ್ತಿರುವಾಗ ಚಾಲಕನು ಕೈಕಟ್ಟಿ ನಿಂತಿರುವುದಿಲ್ಲ. ಭಾರ ಒಂದು ಮಗ್ಗುಲಿಗೆ ವಾಲದಂತೆ ಹೇಳಿಕೊಡುತ್ತಾನೆ, ತಾಡಪತ್ರಿ ಹೊದಿಸಿ ಹಗ್ಗವನ್ನು ಎಳೆದು ಬಿಗಿದು ಗಂಟನ್ನು ಬೆರಳಿನಿಂದ ಮೀಟಿ ನೋಡುತ್ತಾನೆ, ಗಾಲಿಗಳಿಗೆ ಒಂದೊಂದಾಗಿ ಕಬ್ಬಿಣದ ರಾಡಿನಿಂದ ಬಡಿದು ಸಪ್ಪಳವನ್ನು ಕೇಳುತ್ತಾನೆ. ಜೋಡಿ ಗಾಲಿಯಲ್ಲಿ ಒಳಗಿನದು ಗಾಳಿ ಬಿಟ್ಟಿದ್ದರೆ ಕಣ್ಣಿಗೆ ತಿಳಿಯದು, ಕಿವಿಗೆ ತಿಳಿಯುತ್ತದೆ. ಮುಂದೆ ಎರಡು ದಾರಿಗಳು: ಜಾಂಬೋಟಿ, ಕಣಕುಂಬಿಗಳ ಮೇಲೆ ಹೋಗಿ ಚೋರ್ಲಾ ಘಾಟು ಇಳಿಯುವುದೊಂದು, ಖಾನಾಪುರ, ಲೋಂಡಾ, ರಾಮನಗರಗಳನ್ನು ದಾಟಿ ಅನಮೋಡದಿಂದ ಮೊಲೆಂ ಕಡೆಗೆ ಇಳಿಯುವುದು ಇನ್ನೊಂದು. ಎರಡೂ ಸಹ್ಯಾದ್ರಿಯ ದಟ್ಟವಾದ ಮಳೆಕಾಡಿನ ದಾರಿಗಳು. ಮಲಪ್ರಭೆ ಹುಟ್ಟುವ ಕಣಕುಂಬಿಯ ಸೀಮೆಯಲ್ಲಿ ಆಷಾಢದ ಮಳೆ ಹಿಡಿದರೆ ಮುಂದಿನ ತಿರುವು ದೀಪದ ಬೆಳಕಿಗೂ ಸಿಕ್ಕುವುದಿಲ್ಲ.

ಘಾಟು ಇಳಿಯುವ ವಿದ್ಯೆಯಲ್ಲಿ ಹಳಬರದೊಂದು ಸೂತ್ರವುಂಟು: ಯಾವ ಗೇರಿನಲ್ಲಿ ಏರಬೇಕಾದೀತೋ ಅದೇ ಗೇರಿನಲ್ಲಿ ಇಳಿಯತಕ್ಕದ್ದು. ಎಂಜಿನ್ನೇ ಗಾಡಿಯನ್ನು ಹಿಡಿದಿಡಬೇಕು. ಬ್ರೇಕನ್ನು ಅಲ್ಲಲ್ಲಿ ಒತ್ತಿ ಬಿಡಬೇಕೇ ಹೊರತು ಅದರ ಮೇಲೆ ಕಾಲನ್ನು ಊರಿಬಿಡಬಾರದು. ಊರಿಬಿಟ್ಟರೆ ಡ್ರಮ್ಮು ಕಾಯುತ್ತದೆ, ಲೈನರು ಕಮಟುತ್ತದೆ, ಗಾಳಿಯ ಟಾಕಿಯ ಮುಳ್ಳು ಇಳಿಯುತ್ತದೆ, ಹಿಂದಿನ ಹತ್ತು ಟನ್ನು ಮುಂದಿನವನ ಮಾತನ್ನು ಕೇಳುವುದನ್ನು ಬಿಡುತ್ತದೆ. ಹೊಸಬನಿಗೆ ಈ ಸೂತ್ರ ತಿಳಿಯದು. ತಿಳಿದ ಕೆಲವರೂ ಮುರಿಯುತ್ತಾರೆ, ಏಕೆಂದರೆ ಟ್ರಿಪ್ಪಿಗೆ ಇಂತಿಷ್ಟೇ ಡೀಸೆಲ್ಲೆಂದು ಮಾಲಕ ಗೊತ್ತುಮಾಡಿ, ಉಳಿಸಿದ್ದು ನಿನ್ನದೆಂದು ಹೇಳಿರುವಾಗ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಆಸೆಯನ್ನು ಗೆಲ್ಲುವುದಕ್ಕೆ ತಪಸ್ಸು ಬೇಕು. ಮರುದಿನ ವರ್ತಮಾನಪತ್ರಿಕೆಯಲ್ಲಿ ನಾವು ಓದುವುದು “ಚಾಲಕನ ನಿರ್ಲಕ್ಷ್ಯ” ಎಂಬ ಎರಡು ಶಬ್ದಗಳನ್ನು ಮಾತ್ರ.

ಈ ವಿದ್ಯೆಯನ್ನು ಹಿಂದಿನವರು ಎಲ್ಲಿ ಕಲಿತರು? ಎಡಗಡೆಯ ಸೀಟಿನಲ್ಲಿ. ಕ್ಲೀನರನಾಗಿ ಸೇರಿದ ಹುಡುಗ ಗಾಡಿ ತೊಳೆಯುತ್ತ, ಜಾಕು ಕೊಡುತ್ತ, ಉಸ್ತಾದನ ಬೈಗುಳವನ್ನು ತಿನ್ನುತ್ತ, ನಾಲ್ಕೈದು ಮಳೆಗಾಲಗಳನ್ನು ಕಂಡಾದ ಮೇಲೆ, ಖಾಲಿ ಗಾಡಿಯನ್ನು ಬಯಲುಸೀಮೆಯ ನೇರ ರಸ್ತೆಯಲ್ಲಿ ಮೊದಲ ಸಲ ಹಿಡಿಯುತ್ತಿದ್ದನು. ಆ ಪದ್ಧತಿಯಲ್ಲಿ ಕ್ರೌರ್ಯವೂ ಇತ್ತು, ಅದನ್ನು ನಾನು ಹೊಗಳುತ್ತಿಲ್ಲ. ಆದರೆ ಅದು ಒಂದು ಪಾಠಶಾಲೆಯಾಗಿತ್ತು. ಈಗ ಖರ್ಚು ಉಳಿಸುವ ಸಲುವಾಗಿ ಎಷ್ಟೋ ಮಾಲಕರು ಕ್ಲೀನರನನ್ನೇ ತೆಗೆದುಹಾಕಿ ಚಾಲಕನೊಬ್ಬನನ್ನೇ ಅಟ್ಟುತ್ತಾರೆ. ಆಮೇಲೆ ಅವರೇ ಸಭೆಗಳಲ್ಲಿ ಎದ್ದುನಿಂತು, ಅನುಭವಸ್ಥ ಡ್ರೈವರುಗಳು ಸಿಗುತ್ತಿಲ್ಲವೆಂದು ದುಃಖಿಸುತ್ತಾರೆ. ಬಿತ್ತನೆಯ ವೆಚ್ಚವನ್ನು ಉಳಿಸಿದವರಿಗೆ ಸುಗ್ಗಿಯಲ್ಲಿ ಆಶ್ಚರ್ಯವಾಗಬಾರದು.

ಪ್ರಚಲಿತ ಅಭಿಪ್ರಾಯದ ಬಲವೆಲ್ಲ ಈ “ಸಿಗವಲ್ರು” ಎಂಬ ಒಂದು ಶಬ್ದದಲ್ಲಿ ನಿಂತಿರುವುದರಿಂದ ಅದನ್ನು ಇನ್ನಷ್ಟು ಹಿಂಜಿ ನೋಡುವುದು ಉಚಿತ. ಲೈಸೆನ್ಸುಳ್ಳ ಜನ ನಮ್ಮಲ್ಲಿ ಇಲ್ಲವೇ? ಬೇಕಾದಷ್ಟಿದ್ದಾರೆ. ಅವರಲ್ಲಿ ಅನೇಕರು ಸ್ಟಿಯರಿಂಗು ಬಿಟ್ಟು ಚಹಾದಂಗಡಿ ಇಟ್ಟಿದ್ದಾರೆ, ವಾಚ್‌ಮನ್ ಆಗಿದ್ದಾರೆ, ಶಾಲೆಯ ಬಸ್ಸು ಓಡಿಸುತ್ತ ರಾತ್ರಿ ಮನೆಯಲ್ಲಿ ಮಲಗುವ ಸುಖಕ್ಕಾಗಿ ಕಡಿಮೆ ಸಂಬಳಕ್ಕೆ ಒಪ್ಪಿಕೊಂಡಿದ್ದಾರೆ. ಸರಕಿನ ಲಾರಿಯ ಚಾಲಕನ ಮಗ ಚಾಲಕನಾಗುವುದನ್ನು ಅಪ್ಪನೇ ಒಪ್ಪುವುದಿಲ್ಲ. ಇನ್ನು, ಲಾರಿ ಹತ್ತೆಂದು ಪರರ ಮಗನಿಗೆ ಬುದ್ಧಿ ಹೇಳುವ ಅದೇ ಹಿರಿಯರಿಗೆ ತಮ್ಮ ಮಗಳನ್ನು ಡ್ರೈವರನಿಗೆ ಕೊಡುವಿರಾ ಎಂದು ಕೇಳಿ ನೋಡಿ. ಸಂಭಾಷಣೆ ಕೂಡಲೇ ಮಳೆಬೆಳೆಯ ಕಡೆಗೆ ತಿರುಗುತ್ತದೆ. ಈಗಿನ ಕೂಲಿಗೆ, ಈಗಿನ ಹೊತ್ತಿಲ್ಲದ ಹೊತ್ತಿನ ದುಡಿಮೆಗೆ, ಈಗಿನ ಮರ್ಯಾದೆಗೆ ಬರುವ ಜನ ಕಡಿಮೆಯಾದರೆಂಬುದೇ ಇದರ ತಾತ್ಪರ್ಯ. ಆ ಕೊರತೆಯನ್ನು ಕೂಲಿಯೇರಿಸಿ ನೀಗಿಸುವ ಬದಲು ಮಂದಗತಿಯ ಕಾಲದಲ್ಲಿ ಬೇರೆಲ್ಲೂ ದಿಕ್ಕಿಲ್ಲದವರನ್ನು ತಂದು ತುಂಬಿ ನೀಗಿಸಬೇಕೆಂಬುದು ಮಾಲಕವರ್ಗಕ್ಕೆ ಅನುಕೂಲವಾದ ಅಪೇಕ್ಷೆ. ನಾವು ಅದನ್ನು ಬಂಧುಪ್ರೇಮದಿಂದ ಬಿಟ್ಟಿಯಾಗಿ ಪ್ರಚಾರಮಾಡುತ್ತಿದ್ದೇವೆ.

ದುಡಿಮೆಯ ಹೊತ್ತಿನ ವಿಷಯದಲ್ಲಿ ಕಾನೂನು ಮೌನವಾಗಿರಲಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳೆಂಬ ಸಾಮಾನ್ಯ ಮಿತಿಯನ್ನು ಅಂದೇ ವಿಧಿಸಿತು. ಆದರೆ ಅದು ಅನ್ವಯಿಸಿದ್ದು ಐವರಾದರೂ ಕಾರ್ಮಿಕರುಳ್ಳ ಸಂಸ್ಥೆಗಳಿಗೆ. ಒಂದೋ ಎರಡೋ ಗಾಡಿಯಿಟ್ಟ ಮಾಲಕನ ಚಾಲಕನಿಗೆ ಅದು ಪುಸ್ತಕದ ಬದನೆಕಾಯಿ. ನಮ್ಮ ದೇಶದ ಲಾರಿಗಳು ಬಹುಮಟ್ಟಿಗೆ ಇಂಥ ಸಣ್ಣ ಮಾಲಕರ ಕೈಯಲ್ಲಿರುವುದರಿಂದ ನಿಯಮವು ಅಪವಾದವಾಗಿ, ಅಪವಾದವೇ ನಿಯಮವಾಯಿತು. ಅಪಘಾತದ ಶಿಕ್ಷೆಯ ವಿಷಯದಲ್ಲಾದರೋ ಇಂಥ ಔದಾರ್ಯ ಕಾಣುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನ ಎರಡನೆಯ ಭಾಗವು ಅಪಘಾತದಲ್ಲಿ ಜನರು ಸತ್ತಾಗ ತಿಳಿಸದೆ ಓಡಿಹೋದ ಚಾಲಕನಿಗೆ 10 ವರ್ಷಗಳವರೆಗಿನ ಸೆರೆವಾಸವನ್ನು ಹೇಳಿತು. ಓಡದೆ ನಿಂತವನನ್ನು ನೆರೆದ ಗುಂಪು ಏನು ಮಾಡುತ್ತದೆಂಬುದನ್ನು ಬಲ್ಲ ಚಾಲಕರು 2024ರ ಜನವರಿಯ ಮೊದಲ ದಿನಗಳಲ್ಲಿ ಅನೇಕ ರಾಜ್ಯಗಳಲ್ಲಿ ಗಾಡಿ ನಿಲ್ಲಿಸಿದರು. ಆ ವರ್ಷ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಒಂದು ಭಾಗವನ್ನು ತಡೆದಿಡಲಾಯಿತು. ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾದದ್ದು 2025ರಲ್ಲಿ, ಅದೂ ಹೊಸದಾಗಿ ತಯಾರಾಗುವ ಗಾಡಿಗಳಿಗೆ. ಹಳೆಯ ಗಾಡಿಯಲ್ಲಿ ಎಂಜಿನ್ನಿನ ಮಗ್ಗುಲಲ್ಲಿ ಕುಳಿತು ಚೈತ್ರ ವೈಶಾಖಗಳನ್ನು ಕಳೆಯುವವನಿಗೆ ಆ ಸುಖ ಸದ್ಯಕ್ಕಿಲ್ಲ. ಕೆಲಸ ಕಳೆದುಕೊಂಡು ಬಂದ ಹೊಸಬನಿಗೆ ಸಿಗತಕ್ಕದ್ದು ಸಾಮಾನ್ಯವಾಗಿ ಆ ಹಳೆಯ ಗಾಡಿಯೇ.

ಇಷ್ಟೆಲ್ಲ ಹೇಳಿದ ಮೇಲೆ ಎದುರುಪಕ್ಷದವರು ತಮ್ಮ ಬ್ರಹ್ಮಾಸ್ತ್ರವನ್ನು ತೆಗೆಯುತ್ತಾರೆ: “ವಿಜಯ ಸಂಕೇಶ್ವರರನ್ನ ನೋಡ್ರಿ, ಒಂದ ಲಾರಿಯಿಂದ ಸುರು ಮಾಡಿದ್ರು.” ನಿಜ, 1976ರಲ್ಲಿ ಗದಗಿನಲ್ಲಿ ಒಂದು ಲಾರಿಯಿಂದ ಅವರು ಆರಂಭಿಸಿದ್ದೂ, ಆ ವ್ಯವಹಾರ ದೇಶದ ದೊಡ್ಡ ಸಾರಿಗೆ ಸಂಸ್ಥೆಗಳಲ್ಲೊಂದಾಗಿ ಬೆಳೆದದ್ದೂ ಉತ್ತರ ಕರ್ನಾಟಕ ಹೆಮ್ಮೆಪಡತಕ್ಕ ಸಂಗತಿ. ಆದರೆ ಅವರು ಮುದ್ರಣ ಮತ್ತು ಪ್ರಕಾಶನಗಳ ವ್ಯವಹಾರಸ್ಥ ಮನೆತನದಿಂದ ಬಂದವರು. ಲೆಕ್ಕ, ಸಾಲ, ಪತ್ತು, ಗಿರಾಕಿಗಳ ಒಡನಾಟ ಇವುಗಳ ನಡುವೆ ಬೆಳೆದವರು. ಒಬ್ಬ ಉದ್ಯಮಿಯ ಚರಿತ್ರೆಯನ್ನು ಚಾಲಕನ ಭವಿಷ್ಯಕ್ಕೆ ಪ್ರಮಾಣವಾಗಿ ತರುವುದು ಯಾವ ನ್ಯಾಯ? ಅದೇ ಕಾಲದಲ್ಲಿ ಒಂದೊಂದು ಲಾರಿಯಿಂದ ಆರಂಭಿಸಿ ಒಂದೂ ಇಲ್ಲದಂತಾದವರ ಹೆಸರನ್ನು ಯಾರೂ ಬರೆದಿಡಲಿಲ್ಲ. 2014ರ ಅಕ್ಟೋಬರಿನಿಂದ ಡೀಸೆಲ್ ಬೆಲೆ ಸರ್ಕಾರದ ಹಿಡಿತ ತಪ್ಪಿದೆ. ಅದು ಏರಿದ ದಿನವೇ ಬಾಡಿಗೆ ಏರುವುದಿಲ್ಲ. ಖಾನಾಪುರದ ದಾರಿಯ ಗಣೇಬೈಲಿನಲ್ಲೂ, ಪುಣೆ-ಬೆಂಗಳೂರು ಹೆದ್ದಾರಿಯ ಹತ್ತರಗಿ, ಹಿರೇಬಾಗೇವಾಡಿಗಳಲ್ಲೂ ಟೋಲು ಕಾಯುತ್ತಿರುತ್ತದೆ. ತರಕಾರಿ ಇಳಿಸಿದ ಗಾಡಿಗೆ ಗೋವಾದಿಂದ ವಾಪಸು ಲೋಡು ಸಿಕ್ಕರೆ ಸುದೈವ. ಸಿಗದಿದ್ದರೆ ಖಾಲಿ ಗಾಡಿ ಘಾಟು ಏರುವ ಡೀಸೆಲ್ಲು ಯಾರ ಗಂಟಿನಿಂದ ಹೋಗುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಸ್ವಾವಲಂಬಿ ಸಾರಥಿಯಂಥ ಯೋಜನೆಗಳಲ್ಲಿ ಸರ್ಕಾರವು ವಾಹನಕ್ಕೆ ಸಹಾಯಧನ ಕೊಡುತ್ತದೆ, ಕೊಡಲಿ. ಸಹಾಯಧನ ಬರುವುದು ಗಾಡಿಗೆ, ಬಾಡಿಗೆಗಲ್ಲ.

“ಹಾಗಾದರೆ ಕೈಕಟ್ಟಿ ಕೂಡಬೇಕೇನು?” ಎಂದು ಕೇಳುವವರಿಗೆ ನನ್ನ ಉತ್ತರ ಸುಲಭವಾಗಿಲ್ಲವೆಂಬುದನ್ನು ಒಪ್ಪುತ್ತೇನೆ. ಮನಸ್ಸಿದ್ದವನು, ಕಿವಿಯೂ ಕಾಲೂ ಆ ವಿದ್ಯೆಗೆ ಒಗ್ಗುವವನು, ವರ್ಷಗಳನ್ನು ಕೊಟ್ಟು ಕಲಿಯಬಲ್ಲವನು ಅವಶ್ಯವಾಗಿ ಚಾಲಕನಾಗಲಿ. ಅಂಥವನು ನಮ್ಮ ನಮಸ್ಕಾರಕ್ಕೆ ಪಾತ್ರನು. ಆದರೆ ಹದಿನೈದು ವರ್ಷ ಮರಳು ಹದಮಾಡಿ, ಅಚ್ಚು ಕಟ್ಟಿ, ಕರಗಿದ ಕಬ್ಬಿಣದ ಬಣ್ಣ ನೋಡಿ ಅದರ ಉಷ್ಣವನ್ನು ಹೇಳಬಲ್ಲ ಮನುಷ್ಯನನ್ನು ಆರು ತಿಂಗಳ ಆರ್ಡರಿನ ಬರಗಾಲಕ್ಕಾಗಿ ರಸ್ತೆಗೆ ಅಟ್ಟಿಬಿಟ್ಟರೆ ಊರು ಕಳೆದುಕೊಳ್ಳುವುದು ಒಂದು ವಿದ್ಯೆಯನ್ನು. ಆರ್ಡರುಗಳು ಮರಳಿ ಬಂದಾಗ ಉದ್ಯಮಬಾಗದ ಧಣಿಗಳೂ ಲಾರಿಯ ಮಾಲಕರ ಪಲ್ಲವಿಯನ್ನೇ ಹಾಡುತ್ತಾರೆ, ಜನ ಸಿಗವಲ್ರು ಎಂದು. ಉತ್ತರದ ರಾಜ್ಯಗಳಿಂದ ಹೊಸಬರನ್ನು ಕರೆಸುತ್ತಾರೆ. ಹಳೆಯ ಮೋಲ್ಡರನು ಆಗ ಎಲ್ಲಿಯೋ ಧಾಬಾದ ಹೊರಸಿನ ಮೇಲೆ ಲೋಡಿನ ಫೋನಿಗಾಗಿ ಕಾಯುತ್ತಿರುತ್ತಾನೆ.

ಅದಕ್ಕಾಗಿ ಸಮಾಧಾನ ಹೇಳಲು ಬರುವ ಬಂಧುಗಳಲ್ಲಿ ನನ್ನದೊಂದು ಪ್ರಾರ್ಥನೆ. ಕಾರ್ಮಿಕರ ರಾಜ್ಯ ವಿಮಾ ನಿಗಮದಲ್ಲಿ, ಜನರು ಇಎಸ್‌ಐ ಎನ್ನುವ ಸಂಸ್ಥೆಯಲ್ಲಿ, 2018ರಿಂದ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಎಂಬುದೊಂದಿದೆ. ವಂತಿಗೆ ಕಟ್ಟಿದ ಕಾರ್ಮಿಕನು ಕೆಲಸ ಕಳೆದುಕೊಂಡರೆ, ಅರ್ಹತೆಯಿದ್ದಲ್ಲಿ, ಅವನ ಸರಾಸರಿ ದಿನಗೂಲಿಯ ಒಂದು ಪಾಲನ್ನು ಗರಿಷ್ಠ 90 ದಿನಗಳವರೆಗೆ ಕೊಡುವ ಏರ್ಪಾಡು ಅದು. ಮೊದಲು ಶೇಕಡ 25 ಇದ್ದ ಆ ಪಾಲನ್ನು ಮಹಾಮಾರಿಯ ವರ್ಷ, 2020ರಲ್ಲಿ, ಶೇಕಡ 50ಕ್ಕೆ ಏರಿಸಿದರು. ಮೊತ್ತ ದೊಡ್ಡದಲ್ಲ, ಜೀವಮಾನದಲ್ಲಿ ಒಮ್ಮೆ ಮಾತ್ರ ದೊರೆಯತಕ್ಕದ್ದು. ವಡಗಾವಿಯ ನೇಕಾರನಿಗೂ ಖಾನಾಪುರದ ಭಟ್ಟಿಯ ಕೂಲಿಯವನಿಗೂ ಇಎಸ್‌ಐ ಚೀಟಿಯೇ ಇಲ್ಲದಿರುವಾಗ ಅವರಿಗೆ ಅದು ಹೊರಗಣ ಮಾತು, ಆ ಜಗಳವನ್ನು ಆಡಬೇಕಾದ್ದು ಶಾಸಕರ ಮನೆಯ ಬಾಗಿಲಿನಲ್ಲಿ. ಆದರೂ ಫೌಂಡ್ರಿಯಿಂದ ಹೊರಬಿದ್ದವನಿಗೆ ಮೂರು ತಿಂಗಳ ಉಸಿರಾಟ ಅದರಿಂದ ಸಿಕ್ಕೀತು. ಚಹಾ ಕುಡಿದು ಮುಗಿದ ಮೇಲೆ ಅವನನ್ನು ಡ್ರೈವಿಂಗ್ ಸ್ಕೂಲಿಗೆ ಕರೆದೊಯ್ಯುವ ಮೊದಲು ಇಎಸ್‌ಐ ಕಚೇರಿಗೆ ಕರೆದೊಯ್ಯಿರಿ. ಅಲ್ಲಿ ಕೇಳುವುದು ಆಧಾರ್ ಕಾರ್ಡನ್ನೂ ಬ್ಯಾಂಕಿನ ಪಾಸ್‌ಬುಕ್ಕನ್ನೂ, ಹೆವಿ ಲೈಸೆನ್ಸನ್ನಲ್ಲ.